ಫ್ರೆಂಚ್ ಸರ್ವನಾಮಗಳಿಗಾಗಿಯೇ ಇರುವ ಒಂದು ಆನ್‌ಲೈನ್ ಕೋರ್ಸ್: ಆರು ವಾರಗಳ ಅನುಭವ

ಫ್ರೆಂಚ್ ಭಾಷೆಯ ಎ2 (ಪ್ರಾಥಮಿಕ) ಹಂತವನ್ನು ಹೇಗೋ ದಾಟಿ ಬಿ1 (ಮಧ್ಯಮ) ಹಂತದ ಬಾಗಿಲಲ್ಲಿ ನಿಂತವರಿಗೆಂದು ರೂಪಿಸಿರುವ ಒಂದು ಆನ್‌ಲೈನ್ ಕೋರ್ಸನ್ನು ನಾನು ಈಚೆಗೆ ಮುಗಿಸಿದೆ. ಇಡೀ ಕೋರ್ಸಿನ ವಿಷಯ ಒಂದೇ: ಕರ್ಮಪದದ ಸ್ಥಾನದಲ್ಲಿ ಬರುವ ಸರ್ವನಾಮಗಳು, ಎಂದರೆ ನಮ್ಮ ‘ಅವನನ್ನು’, ‘ಅವಳಿಗೆ’, ‘ಅದನ್ನು’, ‘ನನಗೆ’ ಇವುಗಳ ಫ್ರೆಂಚ್ ರೂಪಗಳು. ಆರು ವಾರ, ಹದಿನೆಂಟು ವಿಡಿಯೊ ಪಾಠ, ಪ್ರತಿ ಪಾಠದ ಕೊನೆಗೆ ಬರವಣಿಗೆಯ ಅಭ್ಯಾಸ, ಮೂರನೆಯ ವಾರದಿಂದ ಮಾತಿನ ಅಭ್ಯಾಸವೂ, ವಾರಕ್ಕೊಮ್ಮೆ ಶಿಕ್ಷಕಿಯೊಂದಿಗೆ ನೇರ ತರಗತಿ. ಬೋಧನೆ ಇಂಗ್ಲಿಷಿನಲ್ಲಿ. ಮುಂದೆ ಕೆಲವು ದೂರುಗಳನ್ನೂ ಹೇಳುವವನಿರುವುದರಿಂದ ಸಂಸ್ಥೆಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಇಂಥ ಯಾವುದೇ ಕೋರ್ಸನ್ನು ಆರಿಸುವ ಕನ್ನಡಿಗರಿಗೆ ಏನನ್ನು ನೋಡಿಕೊಳ್ಳಬೇಕೆಂದು ತಿಳಿದರೆ ಸಾಕು. ಫ್ರೆಂಚ್ ಪದಗಳನ್ನು ಉಚ್ಚಾರಕ್ಕೆ ಆದಷ್ಟು ಹತ್ತಿರವಾಗಿ ಕನ್ನಡ ಲಿಪಿಯಲ್ಲೇ ಕೊಟ್ಟಿದ್ದೇನೆ.

ಒಂದು ಪುಟದ ಪಟ್ಟಿಯಲ್ಲಿ ಮುಗಿಯುವ ವಿಷಯಕ್ಕೆ ಆರು ವಾರ ಏಕೆ ಎಂಬ ಅನುಮಾನ ಸೇರುವ ಮುನ್ನ ನನಗೂ ಇತ್ತು. ಪಟ್ಟಿ ನಿಜಕ್ಕೂ ಚಿಕ್ಕದು. ನೇರ ಕರ್ಮಕ್ಕೆ ಮ, ತ, ಲ, ಲಾ, ನೂ, ವೂ, ಲೇ. ಪರೋಕ್ಷ ಕರ್ಮಕ್ಕೆ ಮ, ತ, ಲ್ಯೂಯಿ, ನೂ, ವೂ, ಲರ್. ಉತ್ತಮ ಮತ್ತು ಮಧ್ಯಮ ಪುರುಷಗಳಲ್ಲಿ ಎರಡಕ್ಕೂ ಒಂದೇ ರೂಪವಿರುವುದರಿಂದ ಗೊಂದಲವೆಲ್ಲ ಪ್ರಥಮ ಪುರುಷದಲ್ಲಿಯೇ ಉಳಿಯುತ್ತದೆ. ನಮ್ಮ ಶಾಲೆಯ ವ್ಯಾಕರಣದ ಮಾತಿನಲ್ಲಿ ಹೇಳುವುದಾದರೆ ‘ಲ’, ‘ಲಾ’, ‘ಲೇ’ ದ್ವಿತೀಯಾ ವಿಭಕ್ತಿಯವು, ‘ಲ್ಯೂಯಿ’ ಮತ್ತು ‘ಲರ್’ ಚತುರ್ಥಿಯವು. ಫ್ರಾನ್ಸಿನ ಶಾಲೆಗಳಲ್ಲಿ ಮಕ್ಕಳು ಇವುಗಳನ್ನು ‘ಸೆ-ಓ-ದೆ’, ‘ಸೆ-ಓ-ಈ’ ಎಂಬ ಹ್ರಸ್ವನಾಮಗಳಿಂದಲೇ ಕಲಿಯುತ್ತಾರೆ. ಈ ಕೋರ್ಸಿನಲ್ಲಿಯೂ ಮೊದಲ ದಿನದಿಂದ ಅವೇ ಹೆಸರುಗಳು.

ಮೊದಲ ಎರಡು ವಾರಗಳು ಪೂರ್ತಿಯಾಗಿ ಸ್ಥಾನಕ್ಕೆ ಮೀಸಲು: ಸರ್ವನಾಮ ಕ್ರಿಯಾಪದಕ್ಕಿಂತ ಮೊದಲು ಬರಬೇಕು ಎಂಬ ಒಂದೇ ನಿಯಮವನ್ನು ಪಾಠದ ಮೇಲೆ ಪಾಠ ಮಾಡಿ ತಿದ್ದುತ್ತಾರೆ. ಕರ್ಮವನ್ನು ಕ್ರಿಯಾಪದದ ನಂತರ ಇಡುವ ಇಂಗ್ಲಿಷ್‌ಭಾಷಿಕರಿಗೆ ಇದು ಬೇಕಾದ ತಿದ್ದುಪಡಿಯೇ ಹೌದು. ಆದರೆ ಕನ್ನಡದ ಕಿವಿಗೆ ಇದರಲ್ಲಿ ತಿದ್ದಿಕೊಳ್ಳುವಂಥದ್ದು ಬಹಳ ಕಡಿಮೆ. ‘ಜ ಲ ವುವಾ’ ಎಂಬುದನ್ನು ಪದಕ್ಕೆ ಪದ ಇಟ್ಟರೆ ‘ನಾನು ಅವನನ್ನು ನೋಡುತ್ತೇನೆ’ ಎಂದೇ ಆಗುತ್ತದೆ. ಎರಡು ಸರ್ವನಾಮಗಳು ಒಟ್ಟಿಗೆ ಬಂದಾಗಲೂ ಹೊಂದಿಕೆ ಕೆಡುವುದಿಲ್ಲ: ‘ಈಲ್ ಮ ಲ ದೊನ್’ ಎಂದರೆ ‘ಅವನು ನನಗೆ ಅದನ್ನು ಕೊಡುತ್ತಾನೆ’, ‘ಜ ಲ ಲ್ಯೂಯಿ ದೊನ್’ ಎಂದರೆ ‘ನಾನು ಅದನ್ನು ಅವನಿಗೆ ಕೊಡುತ್ತೇನೆ’. ‘ಮ’, ‘ತ’, ‘ನೂ’, ‘ವೂ’ ಮೊದಲು, ಆಮೇಲೆ ‘ಲ’, ‘ಲಾ’, ‘ಲೇ’, ಅದಾದ ಮೇಲೆ ‘ಲ್ಯೂಯಿ’, ‘ಲರ್’ ಎಂಬ ಕ್ರಮವನ್ನು ನೆನಪಿಡಲು ಕೋರ್ಸಿನವರು ಬಣ್ಣಬಣ್ಣದ ರೈಲುಡಬ್ಬಿಗಳ ಚಿತ್ರವನ್ನು ಕೊಟ್ಟಿದ್ದಾರೆ. ನನಗೆ ಡಬ್ಬಿಗಳಿಗಿಂತ ಆ ಎರಡು ಕನ್ನಡ ವಾಕ್ಯಗಳೇ ಹೆಚ್ಚು ಉಪಯೋಗಕ್ಕೆ ಬಂದವು. ಕನ್ನಡದಲ್ಲಿ ಪದಗಳನ್ನು ಹಿಂದೆಮುಂದೆ ಮಾಡುವ ಸ್ವಾತಂತ್ರ್ಯವಿದೆ, ಫ್ರೆಂಚಿನಲ್ಲಿ ಅದಿಲ್ಲ. ಅಷ್ಟನ್ನು ನೆನಪಿಟ್ಟುಕೊಂಡರೆ ಈ ಎರಡು ವಾರಗಳನ್ನು ನಾಲ್ಕು ದಿನದಲ್ಲಿ ಮುಗಿಸಬಹುದು.

ಹಾಗೆಂದು ಈ ಭಾಗದಲ್ಲಿ ಕಲಿಯುವಂಥದ್ದು ಏನೂ ಇಲ್ಲವೆಂದಲ್ಲ. ‘ಜ ವೆ ಲ ವುವಾರ್’, ಎಂದರೆ ‘ನಾನು ಅವನನ್ನು ನೋಡುವವನಿದ್ದೇನೆ’ ಎಂಬಲ್ಲಿ ಸರ್ವನಾಮ ರೂಪ ಬದಲಾಗುವ ಸಹಾಯಕ ಕ್ರಿಯಾಪದವನ್ನು ಬಿಟ್ಟು ತನಗೆ ಸಂಬಂಧಿಸಿದ ಮೂಲರೂಪಕ್ಕೆ ತುಸು ಮೊದಲೇ ಕೂರುತ್ತದೆ ಎಂಬುದನ್ನು ಬಹಳ ಚೆನ್ನಾಗಿ ವಿವರಿಸಿದ್ದಾರೆ. ಹದಿನೇಳನೆಯ ಶತಮಾನದ ಬರಹಗಳಲ್ಲಿ ‘ಜ ಲ ವೆ ವುವಾರ್’ ಎಂಬ ಕ್ರಮವೂ ಸಾಮಾನ್ಯವಾಗಿತ್ತೆಂಬ ಸಣ್ಣ ಟಿಪ್ಪಣಿಯನ್ನೂ ಸೇರಿಸಿದ್ದಾರೆ. ಹಳೆಯ ನಾಟಕಗಳನ್ನು ಓದುವ ಆಸೆಯಿದ್ದವರಿಗೆ ಅದು ನೆರವಾಗುತ್ತದೆ. ಆಜ್ಞಾರ್ಥಕದ ಪಾಠ ಇನ್ನೂ ಚೆನ್ನಾಗಿದೆ. ‘ಅದನ್ನು ನನಗೆ ಕೊಡು’ ಎನ್ನುವಾಗ ಮಾತ್ರ ಕ್ರಮ ತಿರುಗಿ ‘ದೊನ್-ಲ-ಮುವಾ’ ಆಗುತ್ತದೆ, ‘ಕೊಡಬೇಡ’ ಎಂದ ಕೂಡಲೇ ಮತ್ತೆ ಹಳೆಯ ಜಾಗಕ್ಕೆ ಮರಳಿ ‘ನ ಮ ಲ ದೊನ್ ಪಾ’ ಆಗುತ್ತದೆ. ಈ ಒಂದು ತಿರುವು ನಮಗೂ ಹೊಸದು, ಅದಕ್ಕೆ ಕೊಟ್ಟಿರುವ ಅಭ್ಯಾಸಗಳು ಸಾಕಷ್ಟಿವೆ.

ನಾನು ಮುಗ್ಗರಿಸಿದ್ದು ಕೋರ್ಸಿನವರು ತೊಡಕೆಂದು ಎಣಿಸಿಯೇ ಇರದ ಜಾಗದಲ್ಲಿ. ಮೂರನೆಯ ವಾರದಿಂದ ಮಾತಿನ ಅಭ್ಯಾಸ ಶುರುವಾಗುತ್ತದೆ. ಧ್ವನಿಮುದ್ರಿತ ಪ್ರಶ್ನೆಯೊಂದು ಕೇಳಿಬರುತ್ತದೆ, ನಾಲ್ಕು ಸೆಕೆಂಡಿನೊಳಗೆ ಸರ್ವನಾಮ ಬಳಸಿ ಉತ್ತರಿಸಬೇಕು. ಮೊದಲ ಪ್ರಶ್ನೆ ‘ತ್ಯು ಪ್ರಾಂ ಲೇ ಕ್ಲೆ?’, ‘ಬೀಗದ ಕೈಗಳನ್ನು ತೆಗೆದುಕೊಳ್ಳುತ್ತೀಯಾ?’ ಎಂಬುದು. ನಾನು ಥಟ್ಟನೆ ‘ವೀ, ಜ ಪ್ರಾಂ’ ಎಂದೆ. ಪರದೆಯ ಮೇಲೆ ಕೆಂಪು ಗುರುತು. ಸರಿಯುತ್ತರ ‘ವೀ, ಜ ಲೇ ಪ್ರಾಂ’, ‘ಹೌದು, ನಾನು ಅವನ್ನು ತೆಗೆದುಕೊಳ್ಳುತ್ತೇನೆ’. ಎರಡನೆಯದು, ಮೂರನೆಯದು, ಐದನೆಯದು ಎಲ್ಲದರಲ್ಲಿಯೂ ಅದೇ ತಪ್ಪು; ಇಪ್ಪತ್ತು ಪ್ರಶ್ನೆಗಳಲ್ಲಿ ಹದಿಮೂರಕ್ಕೆ ನಾನು ಸರ್ವನಾಮವನ್ನೇ ನುಂಗಿಬಿಟ್ಟಿದ್ದೆ. ತಪ್ಪು ರೂಪ ಬಳಸಿದ್ದು ಎರಡು ಕಡೆ ಮಾತ್ರ.

ಕಾರಣ ಹೊಳೆಯಲು ಒಂದು ಸಂಜೆ ಬೇಕಾಯಿತು. ಕನ್ನಡದಲ್ಲಿ ನಾವು ‘ಪತ್ರ ಓದಿದೆಯಾ?’ ಎಂದು ಕೇಳಿದರೆ ‘ಓದಿದೆ’ ಎನ್ನುತ್ತೇವೆ. ‘ಅವಳಿಗೆ ಪುಸ್ತಕ ಕೊಟ್ಟೆಯಾ?’ ಎಂದರೆ ‘ಕೊಟ್ಟೆ’. ಕರ್ತೃ, ನೇರ ಕರ್ಮ, ಪರೋಕ್ಷ ಕರ್ಮ ಮೂರನ್ನೂ ಬಿಟ್ಟು ಕ್ರಿಯಾಪದ ಒಂಟಿಯಾಗಿ ನಿಂತರೂ ವಾಕ್ಯ ಪೂರ್ಣವೇ. ‘ನಾನು ಅದನ್ನು ಅವಳಿಗೆ ಕೊಟ್ಟೆನು’ ಎಂದು ಯಾರಾದರೂ ಉತ್ತರಿಸಿದರೆ ಪೊಲೀಸರ ಮುಂದೆ ಹೇಳಿಕೆ ಕೊಡುತ್ತಿದ್ದಾನೇನೋ ಎನಿಸುತ್ತದೆ. ಫ್ರೆಂಚಿನಲ್ಲಿ ಆ ಪೂರ್ಣ ಹೇಳಿಕೆಯೇ ದಿನನಿತ್ಯದ ಉತ್ತರ. ‘ತ್ಯು ಲಾ ವ್ಯು?’, ‘ಅವನನ್ನು ನೋಡಿದೆಯಾ?’ ಎಂಬ ಪ್ರಶ್ನೆಗೆ ‘ವೀ, ಜ ಲೆ ವ್ಯು’ ಎಂದೇ ಹೇಳಬೇಕು. ನಡುವಿನ ಆ ಸಣ್ಣ ‘ಲ್’ ಬಿಟ್ಟುಹೋದರೆ ಕೇಳುವವರಿಗೆ ಮಾತು ಅರ್ಧಕ್ಕೆ ನಿಂತಂತೆ ಅನ್ನಿಸುತ್ತದೆ. ಕೆಲವು ಕ್ರಿಯಾಪದಗಳು ಇದಕ್ಕೆ ಹೊರತಾಗಿವೆ, ‘ಜ ಸೆ’ ಎಂದರೆ ‘ಗೊತ್ತು’ ಎಂದಷ್ಟೇ, ಅಲ್ಲಿ ಕರ್ಮ ಬೇಕಿಲ್ಲ. ಆದರೆ ಅಂಥವು ಕಡಿಮೆ.

ಇಂಗ್ಲಿಷ್‌ಭಾಷಿಕರು ತಮ್ಮ ಭಾಷೆಯಲ್ಲಿಯೂ ಕರ್ಮವನ್ನು ಹೇಳಿಯೇ ತೀರುವುದರಿಂದ ಈ ತೊಂದರೆ ಅವರಿಗೆ ಅಷ್ಟಾಗಿ ಇಲ್ಲ, ಹಾಗಾಗಿ ಅವರನ್ನೇ ಮನಸ್ಸಿನಲ್ಲಿಟ್ಟು ಕಟ್ಟಿದ ಕೋರ್ಸಿನಲ್ಲಿ ಇದಕ್ಕೆ ಒಂದೂ ಪಾಠವಿಲ್ಲ. ನನ್ನ ಹದಿಮೂರು ತಪ್ಪುಗಳಿಗೂ ಯಂತ್ರ ಕೊಟ್ಟ ವಿವರಣೆ ಒಂದೇ: ‘ಸರ್ವನಾಮದ ಸ್ಥಾನವನ್ನು ಮತ್ತೊಮ್ಮೆ ಓದಿಕೊಳ್ಳಿ.’ ಇಲ್ಲದ ವಸ್ತುವಿನ ಸ್ಥಾನವನ್ನು ಎಲ್ಲಿ ಓದಿಕೊಳ್ಳುವುದು? ಆದರೂ ಈ ನಾಲ್ಕು ಸೆಕೆಂಡಿನ ಅಭ್ಯಾಸವೇ ಇಡೀ ಕೋರ್ಸಿನ ಅತ್ಯುತ್ತಮ ಭಾಗ ಎಂದು ನಾನು ಹೇಳುತ್ತೇನೆ. ಬರವಣಿಗೆಯಲ್ಲಿ ಯೋಚಿಸಲು ಸಮಯವಿರುವುದರಿಂದ ಈ ತಪ್ಪು ಕಾಣಿಸಿಕೊಳ್ಳುವುದೇ ಇಲ್ಲ. ನಾಲಗೆಗೆ ಅವಸರ ಮಾಡಿದಾಗಲೇ ಒಳಗಿನ ಕನ್ನಡ ಹೊರಗೆ ಬರುತ್ತದೆ. ನಾನು ಆ ಒಂದೇ ಅಭ್ಯಾಸವನ್ನು ಹನ್ನೊಂದು ಸಲ ಮಾಡಿದೆ. ಏಳನೆಯ ಸಲದ ಹೊತ್ತಿಗೆ ‘ಜ’ ಎಂದ ಕೂಡಲೇ ಬಾಯಿ ತಾನಾಗಿಯೇ ಮತ್ತೊಂದು ಅಕ್ಷರಕ್ಕಾಗಿ ತಡವರಿಸತೊಡಗಿತು, ಅಲ್ಲಿಂದ ಮುಂದೆ ತಪ್ಪುಗಳು ಇಳಿಮುಖವಾದವು.

ನಾಲ್ಕನೆಯ ವಾರದ ವಿಷಯ, ಯಾವ ಕ್ರಿಯಾಪದಕ್ಕೆ ನೇರ ಕರ್ಮ, ಯಾವುದಕ್ಕೆ ಪರೋಕ್ಷ ಎಂಬುದು. ಇಲ್ಲಿ ಕೋರ್ಸು ಹಿಡಿದಿರುವ ದಾರಿ ನನಗೆ ಒಪ್ಪಿಗೆಯಾಗಲಿಲ್ಲ. ‘ಯಾರನ್ನು’ ಎಂದು ಕೇಳಿಕೊಂಡರೆ ನೇರ, ‘ಯಾರಿಗೆ’ ಎಂದು ಕೇಳಿಕೊಂಡರೆ ಪರೋಕ್ಷ ಎಂಬ ಅರ್ಥದ ಒಂದು ಪರೀಕ್ಷೆಯನ್ನು ಕೊಟ್ಟು, ಅದನ್ನು ಕಲಿಯುವವರು ತಮ್ಮ ಭಾಷೆಯಲ್ಲಿಯೇ ಮಾಡಿಕೊಳ್ಳಲಿ ಎಂದು ಬಿಟ್ಟಿದ್ದಾರೆ. ವಿಭಕ್ತಿ ಪ್ರತ್ಯಯಗಳಿರುವ ಭಾಷೆಯವರಾದ ನಮಗೆ ಇದು ಮೊದಲ ನೋಟಕ್ಕೆ ವರದಂತೆಯೇ ಕಾಣುತ್ತದೆ: ‘ಅನ್ನು’ ಬಂದರೆ ‘ಲ’, ‘ಗೆ’ ಬಂದರೆ ‘ಲ್ಯೂಯಿ’. ಬಹಳಷ್ಟು ಕಡೆ ಅದು ನಡೆಯುತ್ತದೆ ಕೂಡ. ಅವಳಿಗೆ ಹೇಳು, ಅವಳಿಗೆ ಬರೆ, ಅವಳಿಗೆ ತೋರಿಸು, ಅವಳಿಗೆ ಫೋನ್ ಮಾಡು, ಅವಳಿಗೆ ಸುಳ್ಳು ಹೇಳು, ಎಲ್ಲಕ್ಕೂ ಫ್ರೆಂಚಿನಲ್ಲಿಯೂ ‘ಲ್ಯೂಯಿ’ಯೇ. ಫೋನ್ ಮಾಡುವುದಕ್ಕೆ ಇಂಗ್ಲಿಷಿನವರು ಪ್ರತಿಸಲ ಎಡವುತ್ತಾರೆಂದು ಶಿಕ್ಷಕಿ ಹೇಳಿದಾಗ ನಾನು ಸ್ವಲ್ಪ ಬೀಗಿದ್ದೂ ಉಂಟು.

ಆ ಬೀಗುವಿಕೆ ಬಹಳ ದಿನ ಉಳಿಯಲಿಲ್ಲ. ‘ಅವಳಿಗೆ ಸಹಾಯ ಮಾಡುತ್ತೇನೆ’ ಎಂಬುದನ್ನು ‘ಜ ಲ್ಯೂಯಿ ಎದ್’ ಎಂದು ಬರೆದೆ, ತಪ್ಪು. ಸಹಾಯ ಮಾಡುವ ‘ಎದೆ’ ಕ್ರಿಯಾಪದಕ್ಕೆ ನೇರ ಕರ್ಮ, ‘ಜ ಲೆದ್’ ಆಗಬೇಕು. ‘ಅವಳಿಗೆ ಧನ್ಯವಾದ ಹೇಳುತ್ತೇನೆ’ ಎಂಬಲ್ಲಿಯೂ ಹಾಗೆಯೇ, ‘ಜ ಲಾ ರಮೆರ್ಸಿ’. ‘ಅವಳಿಗಾಗಿ ಕಾಯುತ್ತೇನೆ’ ಎಂದರೆ ‘ಜ ಲಾತಾಂ’, ಅದೂ ನೇರವೇ. ಎದುರು ದಿಕ್ಕಿನಲ್ಲಿ ಇನ್ನೂ ಮೋಸವಿದೆ. ನಾವು ‘ಅವನನ್ನು ಕೇಳುತ್ತೇನೆ’ ಎನ್ನುತ್ತೇವೆ, ಫ್ರೆಂಚಿನವರು ‘ಜ ಲ್ಯೂಯಿ ದಮಾಂದ್’, ‘ಅವನಿಗೆ ಕೇಳುತ್ತೇನೆ’ ಎನ್ನುತ್ತಾರೆ. ನಾವು ‘ಅವನನ್ನು ಕ್ಷಮಿಸುತ್ತೇವೆ’, ಅವರದು ‘ಜ ಲ್ಯೂಯಿ ಪಾರ್ದೊನ್’. ಮಗ ತಂದೆಯನ್ನು ಹೋಲುತ್ತಾನೆ ಎಂಬುದು ‘ಈಲ್ ಲ್ಯೂಯಿ ರಸಾಂಬ್ಲ್’. ಇವುಗಳಲ್ಲಿ ಯಾವುದನ್ನೂ ಅರ್ಥದ ಬಲದಿಂದ ಊಹಿಸಲಾಗದು. ಕ್ರಿಯಾಪದವನ್ನು ಕಲಿಯುವಾಗಲೇ ಅದರ ನಂತರ ‘ಆ’ ಎಂಬ ಉಪಸರ್ಗ (ನಾಮಪದಕ್ಕಿಂತ ಮೊದಲು ಬರುವ, ನಮ್ಮ ‘ಗೆ’ಯಂಥ ಸಣ್ಣ ಪದ) ಬರುತ್ತದೆಯೇ ಇಲ್ಲವೇ ಎಂದು ಜೊತೆಯಲ್ಲೇ ಬಾಯಿಪಾಠ ಮಾಡುವುದೊಂದೇ ದಾರಿ: ‘ದಮಾಂದೆ ಆ’, ‘ಪಾರ್ದೊನೆ ಆ’, ಬರಿದೇ ‘ಎದೆ’. ಅಂಥ ಒಂದು ಪಟ್ಟಿಯನ್ನು ಕೋರ್ಸಿನವರು ಮೊದಲ ದಿನವೇ ಕೈಗೆ ಕೊಡಬಹುದಾಗಿತ್ತು. ಕೊಟ್ಟಿಲ್ಲ. ನಾನೇ ನೋಟ್‌ಬುಕ್ಕಿನ ಒಂದು ಪುಟವನ್ನು ಎರಡು ಮಾಡಿ, ಎಡಗಡೆ ಕನ್ನಡದ ವಿಭಕ್ತಿಗೆ ಒಪ್ಪುವ ಕ್ರಿಯಾಪದಗಳು, ಬಲಗಡೆ ಒಪ್ಪದವು ಎಂದು ಬರೆಯುತ್ತ ಹೋದೆ. ಬಲಗಡೆಯದ್ದನ್ನು ಮಾತ್ರ ಓದಿಕೊಂಡರೆ ಸಾಕಾಗುತ್ತಿತ್ತು.

ಎಡಗಡೆಯ ಸಾಲಿನಲ್ಲಿ ಕೆಲವು ಅನಿರೀಕ್ಷಿತ ಅತಿಥಿಗಳೂ ಸಿಕ್ಕವು. ‘ಸಾ ಮ ಪ್ಲೆ’ ಎಂಬುದನ್ನು ವಿವರಿಸಲು ವಿಡಿಯೊದಲ್ಲಿ ಐದು ನಿಮಿಷ ಹೆಣಗಿದ್ದಾರೆ, ಏಕೆಂದರೆ ಇಂಗ್ಲಿಷಿನಲ್ಲಿ ಇಷ್ಟಪಡುವವನೇ ಕರ್ತೃ. ನಮಗೆ ಅದು ‘ಅದು ನನಗೆ ಇಷ್ಟ’, ಅಷ್ಟೇ. ‘ಈಲ್ ಮ ಫೋ ದ್ಯು ತಾಂ’ ಎಂದರೆ ‘ನನಗೆ ಸಮಯ ಬೇಕು’. ಬೇಕಾಗುವವನನ್ನು ಚತುರ್ಥಿಯಲ್ಲಿ ಕೂರಿಸುವ ನಮ್ಮ ಪದ್ಧತಿಯನ್ನು ಇನ್ನೊಂದು ಭಾಷೆಯಲ್ಲಿ ಕಂಡಾಗ ಆದ ಸಂತೋಷವನ್ನು ಬಚ್ಚಿಡುವುದಿಲ್ಲ. ‘ತ್ಯು ಮ ಮಾಂಕ್’ ಕೂಡ ಇದೇ ಜಾತಿಯದು, ಅಕ್ಷರಶಃ ‘ನೀನು ನನಗೆ ಕೊರತೆಯಾಗಿದ್ದೀಯೆ’ ಎಂದಾಗುತ್ತದೆ. ಈ ಪಾಠವನ್ನು ಕನ್ನಡಿಗರು ಬಿಟ್ಟೇ ಮುಂದೆ ಹೋಗಬಹುದು.

ಐದನೆಯ ವಾರದಲ್ಲಿ ಕೋರ್ಸು ತನ್ನದೇ ನಿಯಮಕ್ಕೆ ಸಿಕ್ಕಿಬೀಳುತ್ತದೆ. ‘ಆ’ ಎಂಬ ಉಪಸರ್ಗದ ನಂತರ ವ್ಯಕ್ತಿ ಬಂದರೆ ‘ಲ್ಯೂಯಿ’ ಅಥವಾ ‘ಲರ್’ ಹಾಕಿ ಎಂದು ಅಲ್ಲಿಯವರೆಗೆ ಹತ್ತಾರು ಸಲ ಹೇಳಿರುತ್ತಾರೆ. ಅಭ್ಯಾಸದಲ್ಲಿ ‘ಪಾಂಸೆ ಆ’, ಎಂದರೆ ‘ಯಾರನ್ನಾದರೂ ನೆನೆಯುವುದು’ ಎಂಬ ಕ್ರಿಯಾಪದ ಬಂತು. ನಾನು ನಿಯಮದಂತೆ ‘ಜ ಲ್ಯೂಯಿ ಪಾಂಸ್’ ಎಂದು ಬರೆದೆ. ತಪ್ಪು ಎಂಬ ಗುರುತು ಬಂತು, ವಿವರಣೆ ಬರಲಿಲ್ಲ. ವಿಷಯ ಏನೆಂದರೆ, ಈ ಕ್ರಿಯಾಪದದೊಂದಿಗೆ ಸರ್ವನಾಮ ಕ್ರಿಯಾಪದಕ್ಕಿಂತ ಮೊದಲಿನ ಜಾಗಕ್ಕೆ ಜರುಗುವುದೇ ಇಲ್ಲ, ‘ಜ ಪಾಂಸ್ ಆ ಲ್ಯೂಯಿ’ ಅಥವಾ ‘ಜ ಪಾಂಸ್ ಆ ಎಲ್’ ಎಂದು ಉಪಸರ್ಗದ ನಂತರವೇ ಉಳಿಯುತ್ತದೆ. ವಸ್ತುವನ್ನೋ ವಿಚಾರವನ್ನೋ ಕುರಿತಾದರೆ ‘ಜಿ ಪಾಂಸ್’ ಎಂದು ‘ಇ’ ಎಂಬ ಸರ್ವನಾಮ ಬರುತ್ತದೆ. ಪತ್ರಕ್ಕೆ ಉತ್ತರಿಸುವುದೂ ಹೀಗೆಯೇ: ಮನುಷ್ಯನಿಗೆ ಉತ್ತರಿಸಿದರೆ ‘ಲ್ಯೂಯಿ’, ಪತ್ರಕ್ಕೆ ಉತ್ತರಿಸಿದರೆ ‘ಇ’. ‘ಅವನಿಗೆ’ ಮತ್ತು ‘ಅದಕ್ಕೆ’ ಎಂಬ ಭೇದವನ್ನು ಪ್ರತ್ಯಯದಲ್ಲಿಯೇ ಇಟ್ಟುಕೊಂಡಿರುವ ನಮಗೆ ಇದನ್ನು ಒಂದೇ ವಾಕ್ಯದಲ್ಲಿ ಹೇಳಿ ಮುಗಿಸಬಹುದು, ಆದರೆ ಆ ವಾಕ್ಯ ಪಾಠದಲ್ಲಿ ಎಲ್ಲಿಯೂ ಇಲ್ಲ.

ಅದೇ ವಾರದ ಇನ್ನೊಂದು ಪಾಠ ಮಾತ್ರ ಅಪರೂಪದ್ದು, ನಾನು ಹಿಂದೆ ಓದಿದ ಪಠ್ಯಗಳಲ್ಲಿ ಇಷ್ಟು ಸ್ಪಷ್ಟವಾಗಿ ಕಂಡಿರಲಿಲ್ಲ. ‘ಅವನು ನನ್ನನ್ನು ಅವಳಿಗೆ ಪರಿಚಯಿಸಿದ’ ಎಂಬುದನ್ನು ಸರ್ವನಾಮಗಳೆರಡನ್ನೂ ಕ್ರಿಯಾಪದಕ್ಕಿಂತ ಮೊದಲಿಟ್ಟು ಹೇಳಲು ಫ್ರೆಂಚಿನಲ್ಲಿ ಸಾಧ್ಯವೇ ಇಲ್ಲ. ನೇರ ಕರ್ಮವಾಗಿರುವ ‘ಮ’ ಮತ್ತು ಪರೋಕ್ಷವಾಗಿರುವ ‘ಲ್ಯೂಯಿ’ ಒಂದೇ ಬೆಂಚಿನಲ್ಲಿ ಕೂರುವುದಿಲ್ಲ. ಎರಡನೆಯದನ್ನು ಹೊರಗೆ ಕಳಿಸಿ ‘ಈಲ್ ಮಾ ಪ್ರೆಜ಼ಾಂತೆ ಆ ಎಲ್’ ಎನ್ನಬೇಕು. ‘ಅವನು ಅವಳನ್ನು ನನಗೆ ಪರಿಚಯಿಸಿದ’ ಎಂಬುದಕ್ಕೆ ಇಂಥ ಅಡ್ಡಿಯಿಲ್ಲ. ಪರದೆಯ ಮೇಲೆ ಎರಡೂ ವಾಕ್ಯಗಳನ್ನು ಅಕ್ಕಪಕ್ಕ ಇಟ್ಟು, ಒಂದರ ಮೇಲೆ ಗೆರೆ ಎಳೆದು ತೋರಿಸುವ ಆ ಒಂದೂವರೆ ನಿಮಿಷ ಬಹಳ ಅಚ್ಚುಕಟ್ಟಾಗಿದೆ.

ಭೂತಕೃದಂತದ ಹೊಂದಾಣಿಕೆಗೆ ಒಂದೇ ಪಾಠ, ಅಷ್ಟೇ ಸಾಕು. ನೇರ ಕರ್ಮ ಕ್ರಿಯಾಪದಕ್ಕಿಂತ ಮೊದಲೇ ಬಂದರೆ ಕೃದಂತ ಅದರ ಲಿಂಗ ವಚನಗಳಿಗೆ ಹೊಂದಬೇಕು, ಪರೋಕ್ಷ ಕರ್ಮಕ್ಕೆ ಆ ಹಕ್ಕಿಲ್ಲ. ಬೀಗದ ಕೈ ಸ್ತ್ರೀಲಿಂಗವಾದ್ದರಿಂದ ‘ಜ ಲೇಜ಼ೆ ಪ್ರೀಜ಼್’, ಅದೇ ಪುಲ್ಲಿಂಗ ಪದವಾಗಿದ್ದರೆ ‘ಪ್ರೀ’. ಕಿವಿಗೆ ವ್ಯತ್ಯಾಸ ಕೇಳಿಸುವುದು ಇಂಥ ಕೆಲವೇ ಕ್ರಿಯಾಪದಗಳಲ್ಲಿ, ಉಳಿದಂತೆ ಇದು ಲೇಖನಿಯ ಕಷ್ಟ. 16ನೆಯ ಶತಮಾನದ ಕವಿ ಕ್ಲೆಮಾಂ ಮಾರೋ ಇಟಾಲಿಯನ್ನರ ಮಾದರಿ ತೋರಿಸಿ ಈ ನಿಯಮವನ್ನು ಎತ್ತಿಹಿಡಿದದ್ದು, 2018ರಲ್ಲಿ ಬೆಲ್ಜಿಯಂನ ಇಬ್ಬರು ಮಾಜಿ ಶಿಕ್ಷಕರು ಇದನ್ನು ಕೈಬಿಡೋಣವೆಂದು ಬಹಿರಂಗವಾಗಿ ವಾದಿಸಿದ್ದು, ಎರಡನ್ನೂ ಶಿಕ್ಷಕಿ ನೇರ ತರಗತಿಯಲ್ಲಿ ನಗುತ್ತಲೇ ಹೇಳಿದರು. ಪರೀಕ್ಷೆ ಬರೆಯುವವರಿಗೆ ಸದ್ಯಕ್ಕೆ ಬಿಡುಗಡೆಯಿಲ್ಲ.

ನೇರ ತರಗತಿಗಳ ಬಗ್ಗೆ ದೂರಿಲ್ಲ. ಹನ್ನೆರಡು ಜನರ ಗುಂಪು, ನಲವತ್ತು ನಿಮಿಷ, ಪ್ರತಿಯೊಬ್ಬರಿಗೂ ಬಾಯಿ ತೆರೆಯುವ ಅವಕಾಶ. ಪುಸ್ತಕದ ‘ಜ ಲ ಲ್ಯೂಯಿ ಎ ದಿ’ (‘ನಾನು ಅದನ್ನು ಅವನಿಗೆ ಹೇಳಿದೆ’) ಎಂಬ ವಾಕ್ಯವನ್ನು ಬೀದಿಯಲ್ಲಿ ನಡೆಯುವವರು ಬಹಳಮಟ್ಟಿಗೆ ‘ಜ ಲ್ಯೂಯಿ ಎ ದಿ’ ಎಂದು ಮೊಟಕು ಮಾಡುತ್ತಾರೆ, ‘ಲ’ ಮತ್ತು ‘ಲ್ಯೂಯಿ’ ಒಟ್ಟಿಗೆ ಬಂದಾಗ ಮೊದಲನೆಯದು ಕರಗಿಹೋಗುತ್ತದೆ ಎಂಬುದನ್ನು ನಾನು ತಿಳಿದದ್ದು ಅಲ್ಲಿಯೇ. ಕರ್ಮವನ್ನು ನುಂಗುವ ನನ್ನ ಚಟಕ್ಕೆ ಕೊನೆಗೂ ಒಂದು ಕಡೆ ಮನ್ನಣೆ ಸಿಕ್ಕಿತು.

ಯಂತ್ರದ ಮೌಲ್ಯಮಾಪನ ಮಾತ್ರ ತಾಳ್ಮೆಯನ್ನು ಪರೀಕ್ಷಿಸುತ್ತದೆ. ‘ಲ’ ಸ್ವರಕ್ಕಿಂತ ಮೊದಲು ಬಂದು ಲೋಪಚಿಹ್ನೆ (ಅಪಾಸ್ಟ್ರಫಿ) ಹಾಕಬೇಕಾದಾಗ, ಕೀಲಿಮಣೆಯ ನೆಟ್ಟಗಿನ ಚಿಹ್ನೆಯನ್ನು ಅದು ಒಪ್ಪುವುದಿಲ್ಲ, ಬಾಗಿದ ಚಿಹ್ನೆಯೇ ಬೇಕು. ಇದು ಗೊತ್ತಾಗುವವರೆಗೆ ಒಂದು ಇಡೀ ಅಭ್ಯಾಸದಲ್ಲಿ ನನ್ನ ಸರಿಯುತ್ತರಗಳೆಲ್ಲ ಕೆಂಪಾಗಿಯೇ ಇದ್ದವು; ಸರಿಯುತ್ತರವೆಂದು ಕೆಳಗೆ ತೋರಿಸಿದ್ದೂ ನಾನು ಬರೆದದ್ದೂ ಅಕ್ಷರ ಬಿಡದೆ ಒಂದೇ ಆಗಿದ್ದು, ನಾನು ಕನ್ನಡಕ ಒರೆಸಿಕೊಂಡು ಮೂರು ಸಲ ನೋಡಿದೆ.

ಫ್ರೆಂಚ್ ಭಾಷಾ ಪ್ರಮಾಣಪತ್ರಕ್ಕಾಗಿ ಬರೆಯುವ ಬಿ1 ಹಂತದ ಡೆಲ್ಫ್ ಪರೀಕ್ಷೆಗೆ ತಯಾರಾಗುತ್ತಿರುವವರು, ಓದಿ ಅರ್ಥವಾಗುತ್ತದೆ ಆದರೆ ಮಾತಿನಲ್ಲಿ ಸರ್ವನಾಮ ನಾಲಗೆಗೆ ಬರುವುದಿಲ್ಲ ಎನ್ನುವವರು ಈ ಕೋರ್ಸನ್ನು ಧೈರ್ಯವಾಗಿ ತೆಗೆದುಕೊಳ್ಳಬಹುದು, ಮೊದಲೆರಡು ವಾರಗಳನ್ನು ಓಡಿಸಿಕೊಂಡು ಹೋಗಿ ಮಾತಿನ ಅಭ್ಯಾಸಕ್ಕೆ ಹೆಚ್ಚು ಸಮಯ ಇಟ್ಟುಕೊಳ್ಳಬೇಕಷ್ಟೆ. ನಾಮಪದಗಳ ಲಿಂಗವೇ ಇನ್ನೂ ಗಟ್ಟಿಯಾಗದವರು ಕಾಯುವುದು ಮೇಲು. ನಮ್ಮ ಒಂದು ‘ಅದನ್ನು’ ಅಲ್ಲಿ ‘ಲ’ ಆಗಬೇಕೋ ‘ಲಾ’ ಆಗಬೇಕೋ ಎಂಬುದು ಮೂಲಪದದ ಲಿಂಗ ತಿಳಿಯದೆ ನಿರ್ಧಾರವಾಗುವುದಿಲ್ಲ. ‘ಪಾಂಸೆ’ಯ ಬಗ್ಗೆ ಸಹಾಯವಾಣಿಗೆ ನಾನು ಬರೆದ ಪತ್ರಕ್ಕೆ ನಾಲ್ಕು ದಿನಗಳ ನಂತರ ಉತ್ತರ ಬಂತು. ಎರಡೇ ಸಾಲು, ಆದರೆ ಪೂರ್ತಿ ಸರಿಯಾದ ವಿವರಣೆ. ಮುಂದಿನ ತಂಡಕ್ಕೆ ಪಾಠದಲ್ಲಿಯೇ ಅದನ್ನು ಸೇರಿಸುವುದಾಗಿಯೂ ಬರೆದಿದ್ದರು. ನಿನ್ನೆ ಮತ್ತೆ ತೆರೆದು ನೋಡಿದೆ, ಇನ್ನೂ ಸೇರಿಸಿಲ್ಲ.